ಟ್ರಾಕ್ಟರು ಮತ್ತು ಬೇಸಾಯದ ಮುಟ್ಟುಗಳ ತಯಾರಿಕೆ: ಗ್ರಾಮದ ಯಜಮಾನರು ತಿಳಿಯತಕ್ಕ ಸಂಗತಿಗಳು

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯು ಶಿವಗಂಗೆ ಬೆಟ್ಟಕ್ಕೆ ಸಮೀಪವಾಗಿ, ಬೆಂಗಳೂರು–ತುಮಕೂರು ಹೆದ್ದಾರಿಯ ಮೇಲಿರುವ ಊರು. ರಾಗಿ, ಅವರೆ, ಹುರುಳಿಗಳನ್ನು ಬೆಳೆಯುವ ಕೆಂಪು ಭೂಮಿಯ ಮಗ್ಗುಲಲ್ಲಿಯೇ ಈಗ ಸೋಂಪುರದ ಕೈಗಾರಿಕಾ ಪ್ರದೇಶವು ಎದ್ದಿರುತ್ತದೆ. ಇಲ್ಲಿಂದ ಹೊರಟ ಹೆದ್ದಾರಿಯೊಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಹಾದು ಹೊಸೂರಿನ ಕಡೆಗೆ ಸಾಗುವುದು. 1960ರಲ್ಲಿ ಮದರಾಸಿನಲ್ಲಿ ಮ್ಯಾಸಿ ಫರ್ಗ್ಯೂಸನ್ನರ ಸಹಯೋಗದಿಂದ ಹುಟ್ಟಿದ ಟಾಫೆ ಕಂಪೆನಿಯ ಒಂದು ಟ್ರಾಕ್ಟರು ಕಾರ್ಖಾನೆಯು ದೊಡ್ಡಬಳ್ಳಾಪುರದಲ್ಲಿದೆ. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ಜಪಾನಿನ ಮಿತ್ಸುಬಿಷಿಯವರ ನೆರವಿನಿಂದ ಪವರ್ ಟಿಲ್ಲರುಗಳನ್ನು ಮಾಡತೊಡಗಿದ ವಿ.ಎಸ್.ಟಿ. ಕಂಪೆನಿಯು ಹೊಸೂರಿನಲ್ಲಿ ಸಣ್ಣ ಟ್ರಾಕ್ಟರುಗಳನ್ನು ತಯಾರಿಸುತ್ತದೆ. ಯಂತ್ರವು ಹುಟ್ಟುವ ಸ್ಥಳಕ್ಕೆ ಇಷ್ಟು ಹತ್ತಿರವಿರುವ ಯಜಮಾನರು ಅದರ ಬಣ್ಣವನ್ನೂ ಕಂತಿನ ಮೊಬಲಗನ್ನೂ ಮಾತ್ರ ವಿಚಾರಿಸಿ ಕೊಂಡುಕೊಳ್ಳುವುದು ಯುಕ್ತವಲ್ಲ.

ಈ ಪ್ರಾಂತದಲ್ಲಿ ಮುಟ್ಟುಗಳ ಸುಧಾರಣೆಯು ಹೊಸತೇನೂ ಅಲ್ಲ. ಕೋಲಾರದ ಮಿಷನ್ನಿನವರು ಮಾಡಿಸುತ್ತಿದ್ದ ಕಬ್ಬಿಣದ ನೇಗಿಲು ಹಿಂದೆ ಮೈಸೂರು ಸಂಸ್ಥಾನದಲ್ಲಿ ಹೆಸರಾಗಿದ್ದಿತು. ಹಾಸನದಲ್ಲಿ ಮುಟ್ಟುಗಳ ಕಾರ್ಖಾನೆಯೂ ನಡೆದಿತ್ತು. ಮರದ ನೇಗಿಲು ನೆಲವನ್ನು ಗೀರುತ್ತದೆ. ಕಬ್ಬಿಣದ ನೇಗಿಲು ಮಣ್ಣನ್ನು ಮಗುಚಿ ಹಾಕುತ್ತದೆ. ಈ ಭೇದವನ್ನು ರೈತರು ಕಣ್ಣಾರೆ ಕಂಡು ಒಪ್ಪಿದರೇ ಹೊರತು ಕೇಳಿ ಒಪ್ಪಿದವರಲ್ಲ.

ತಯಾರಿಕೆಯ ಮರ್ಮವು ಹದದಲ್ಲಿದೆ. ಊರಿನ ಕಮ್ಮಾರನು ಕುಳವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ತಟ್ಟಿ, ನೀರಿನಲ್ಲಿ ಅದ್ದುವುದನ್ನು ಎಲ್ಲರೂ ಬಲ್ಲರು. ಟ್ರಾಕ್ಟರಿನ ಹಲ್ಲುಚಕ್ರಗಳಿಗೂ ಕಾರ್ಖಾನೆಯಲ್ಲಿ ಆಗುವುದು ಇಂಥ ಕೆಲಸವೇ. ಹಲ್ಲು ಕೊಯ್ದ ಉಕ್ಕಿನ ಚಕ್ರವನ್ನು ಇಂಗಾಲಭರಿತವಾದ ಅನಿಲದ ನಡುವೆ 900 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟು ಗಂಟೆಗಟ್ಟಲೆ ಕಾಯಿಸಿ, ಅನಂತರ ಎಣ್ಣೆಯಲ್ಲಿ ತಣಿಸುವರು. ಇದರಿಂದ ಹೊರಮೈ ಸವೆಯದಷ್ಟು ಗಡುಸಾಗಿ, ಒಳಗಿನ ತಿರುಳು ಪೆಟ್ಟು ತಾಳುವಷ್ಟು ಮೆತುವಾಗಿ ಉಳಿಯುತ್ತದೆ. ಪೂರ್ತಿ ಗಡುಸಾದ ಹಲ್ಲು ಮುರಿಯುವುದು. ಪೂರ್ತಿ ಮೆದುವಾದದ್ದು ಸವೆಯುವುದು. ಎರಕದ ಪೆಟ್ಟಿಗೆಯೊಳಗೆ ಇವನ್ನು ಕೂಡಿಸಿ, ಎಂಜಿನನ್ನು ಜೋಡಿಸಿ, ಓಡಿಸಿ ನೋಡುವುದು ಮುಂದಿನ ಕೆಲಸ. ಅಗ್ಗದ ಬಿಡಿಭಾಗಕ್ಕೂ ಒಳ್ಳೆಯ ಬಿಡಿಭಾಗಕ್ಕೂ ಇರುವ ವ್ಯತ್ಯಾಸವು ಬಹುಪಾಲು ಈ ಕಾಣದ ಹದದ್ದೇ ಆಗಿರುತ್ತದೆ.

ರೋಟವೇಟರಿನ ಅಲಗುಗಳ ವಿಷಯದಲ್ಲಿ ಇದು ಬೇಗನೆ ಬಯಲಾಗುತ್ತದೆ. ಗರಸು ಬೆರೆತ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಹರಳುಗಳು ಅಲಗನ್ನು ಸಾಣೆಯಂತೆ ತೇಯುತ್ತವೆ. ಒಳ್ಳೆಯ ಅಲಗುಗಳನ್ನು ಬೋರಾನ್ ಬೆರೆತ ಉಕ್ಕಿನಿಂದ ಮಾಡಿ ಹದ ಕೊಟ್ಟಿರುವರು. ಅಂಗಡಿಯಲ್ಲಿ ಕೊಳ್ಳುವಾಗ ಅಲಗಿನ ಬಾಯನ್ನು ಅರದಿಂದ ಒಮ್ಮೆ ಉಜ್ಜಿ ನೋಡತಕ್ಕದ್ದು. ಅರವು ಜಾರಿದರೆ ಹದವಿದೆ. ಸುಲಭವಾಗಿ ಕಚ್ಚಿ ಪುಡಿ ತೆಗೆದರೆ ಅಂಥದನ್ನು ಬಿಡುವುದೇ ಲೇಸು. ಆದರೆ ಅಲಗು ಎಷ್ಟೇ ಚೆನ್ನಾಗಿದ್ದರೂ, ವರ್ಷವರ್ಷವೂ ರೋಟವೇಟರೊಂದನ್ನೇ ಒಂದೇ ಆಳಕ್ಕೆ ಹೊಡೆಯುತ್ತ ಬಂದರೆ ಅಡಿಯಲ್ಲಿ ಮಣ್ಣು ಗಟ್ಟಿಯಾಗಿ ಮಳೆಯ ನೀರು ಇಂಗದೆ ಹೋಗುವುದು. ಮಧ್ಯೆ ಮಧ್ಯೆ ಆಳದ ಉಳುಮೆ ಅವಶ್ಯಕ.

ಅಶ್ವಶಕ್ತಿ ಹೆಚ್ಚಿದ್ದಷ್ಟೂ ಯಂತ್ರವು ಶ್ರೇಷ್ಠವೆಂಬ ಭಾವನೆ ಹಳ್ಳಿಗಳಲ್ಲಿ ಬೇರೂರಿದೆ. ಇದು ಸರಿಯಲ್ಲ. ಹ್ಯಾರಿ ಫರ್ಗ್ಯೂಸನ್ ಎಂಬ ಐರಿಷ್ ಯಂತ್ರಜ್ಞನು ರೂಢಿಗೆ ತಂದ ಮೂರು ಬಿಂದುಗಳ ಜೋಡಣೆಯಿಂದ ನೇಗಿಲಿನ ಎಳೆತವೇ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುತ್ತದೆ. ಹಗುರವಾದ ಟ್ರಾಕ್ಟರೂ ಜಾರದೆ ಉಳಬಲ್ಲುದಾಯಿತು. 1936ರಲ್ಲಿ ಮಾರಾಟಕ್ಕೆ ಬಂದ ಈ ಏರ್ಪಾಡು ಈಗ ಲೋಕದಲ್ಲೆಲ್ಲ ಹರಡಿರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸವನ್ನೂ ಅದಕ್ಕೆ ತಕ್ಕ ಮುಟ್ಟನ್ನೂ ಗೊತ್ತುಮಾಡಿಕೊಂಡು, ಅದನ್ನು ಎಳೆಯುವಷ್ಟು ಶಕ್ತಿಯ ಟ್ರಾಕ್ಟರನ್ನು ಆರಿಸತಕ್ಕದ್ದು.

ಲೆಕ್ಕವೊಂದನ್ನು ನೋಡೋಣ. ಎರಡು ಮೀಟರ್ ಅಗಲದ ಕಲ್ಟಿವೇಟರನ್ನು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಎಳೆದರೆ 10,000 ಚದರ ಮೀಟರ್, ಅಂದರೆ ಸುಮಾರು ಎರಡೂವರೆ ಎಕರೆ ಆಗಬೇಕು. ತಿರುವು, ಬದು, ಒಂದರ ಮೇಲೊಂದು ಬೀಳುವ ಸಾಲು ಇವುಗಳಿಗಾಗಿ ನೂರಕ್ಕೆ ಮೂವತ್ತು ಕಳೆದರೂ ಒಂದೂಮುಕ್ಕಾಲು ಎಕರೆ ನಿಲ್ಲುವುದು. 2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಎಂದರೆ 3 ಎಕರೆ 14 ಗುಂಟೆ. ಇಷ್ಟು ಭೂಮಿಯನ್ನು ಒಂದು ಸಲ ಹಸನು ಮಾಡಲು ಎರಡು ಗಂಟೆ ಸಾಕು! ಮಿಕ್ಕ ದಿನಗಳಲ್ಲಿ ಯಂತ್ರವು ಕೊಟ್ಟಿಗೆಯಲ್ಲಿ ನಿಂತರೂ ಬಡ್ಡಿಯು ನಿಲ್ಲುವುದಿಲ್ಲ. ಬಾಡಿಗೆಗೆ ಓಡಿಸುವ ನಿಶ್ಚಯವಿಲ್ಲದೆ ಮೂರು ಎಕರೆಯವರು ಜಮೀನನ್ನು ಅಡವಿಟ್ಟು ಟ್ರಾಕ್ಟರು ಕೊಳ್ಳುವುದು, ಜಮೀನನ್ನೇ ಟ್ರಾಕ್ಟರಿಗೆ ಕೊಟ್ಟಂತೆ. ನಾಲ್ಕೈದು ಮನೆಯವರು ಕೂಡಿ ಕೊಳ್ಳಬಹುದು. 2014–15ರಲ್ಲಿ ಸರ್ಕಾರವು ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶವೂ ಬಾಡಿಗೆಯ ಮೇಲೆ ಯಂತ್ರಗಳನ್ನು ಒದಗಿಸುವುದೇ ಆಗಿತ್ತು. ಹದವಾದ ಮಳೆ ಬಿದ್ದ ದಿನ ಎಲ್ಲರಿಗೂ ಒಮ್ಮೆಗೇ ಯಂತ್ರ ಬೇಕಾಗುವುದು ನಿಜ. ಸರದಿಯನ್ನು ಮುಂಚೆಯೇ ಬರೆದಿಡಿಸುವುದು ಗ್ರಾಮದ ಮುಖಂಡರಿಂದ ಆಗಬೇಕಾದ ಕೆಲಸ.

ಕೊಳ್ಳುವುದೇ ನಿಶ್ಚಯವಾದರೆ ಪರೀಕ್ಷಾ ವರದಿಯನ್ನು ಕೇಳಿ ಪಡೆಯಬೇಕು. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಟ್ರಾಕ್ಟರುಗಳನ್ನು ಪರೀಕ್ಷಿಸಿ ಅವುಗಳ ಶಕ್ತಿ, ಎಣ್ಣೆಯ ಖರ್ಚು, ಎತ್ತುವ ಭಾರ ಮುಂತಾದವನ್ನು ವರದಿ ಮಾಡುವರು. ಮುಟ್ಟುಗಳಿಗೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿಯೂ ಅಂಥ ಸಂಸ್ಥೆಯುಂಟು.

ಕಡೆಯದಾಗಿ ಒಕ್ಕಣೆಯ ಮಾತು. ಹೆದ್ದಾರಿಯ ಮೇಲೆ ರಾಗಿಯ ತೆನೆಯನ್ನು ಹರಡಿ, ಹೋಗುವ ಲಾರಿಗಳಿಂದ ತುಳಿಸುವ ಪದ್ಧತಿಯಿಂದ ಕಾಳಿಗೆ ಕಲ್ಲುಮಣ್ಣು ಸೇರುವುದಲ್ಲದೆ ಜನಕ್ಕೂ ಅಪಾಯ. ಒಕ್ಕಣೆ ಯಂತ್ರವೇ ಮೇಲು. ಆದರೆ ಟ್ರಾಕ್ಟರಿನಿಂದ ಯಂತ್ರಕ್ಕೆ ಶಕ್ತಿಯನ್ನು ಒಯ್ಯುವ ದಂಡವು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಎಂದರೆ ಕ್ಷಣಕ್ಕೆ ಒಂಬತ್ತು ಸುತ್ತು. ಸೆರಗಾಗಲಿ ಪಂಚೆಯ ಅಂಚಾಗಲಿ ಅದಕ್ಕೆ ಸಿಕ್ಕಿದರೆ ಕೂಗುವಷ್ಟು ಹೊತ್ತೂ ಉಳಿಯದು. ಈ ದಂಡಕ್ಕೆ ಕಾರ್ಖಾನೆಯವರು ಕೊಟ್ಟ ಮುಚ್ಚಳವನ್ನು ಅಡ್ಡಿಯೆಂದು ಕಿತ್ತು ಮೂಲೆಗೆ ಎಸೆಯುವುದು ಕೆಲವೆಡೆ ರೂಢಿಯಾಗಿದೆ. ತೆನೆ ಹಾಕುವ ಬಾಯಿಗೆ ಕೈ ಒಳಹೋಗದಷ್ಟು ಉದ್ದವಾದ ದೋಣಿ ಇರಬೇಕು. ಇಂಥ ಯಂತ್ರಗಳಿಗಾಗಿ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆಯಾಯಿತು. ಕಣದಲ್ಲಿ ಯಂತ್ರವನ್ನು ಚಾಲೂ ಮಾಡುವ ಮೊದಲು ಮುಚ್ಚಳವೂ ದೋಣಿಯೂ ಸ್ವಸ್ಥಾನದಲ್ಲಿವೆಯೇ ಎಂದು ಯಜಮಾನರು ತಾವೇ ನಿಂತು ನೋಡತಕ್ಕದ್ದು. ಇಲ್ಲದಿದ್ದಲ್ಲಿ ಆ ದಿನದ ಒಕ್ಕಣೆಯನ್ನು ನಿಲ್ಲಿಸತಕ್ಕದ್ದು.