ಕೆಂಚನ ಜೊತೆ ಹೊರಟ ಮಗಳಿಗೆ

ಮಗಳೇ,

ಬೀದಿಯ ಮರಿಯೊಂದನ್ನು ನೀವಿಬ್ಬರೂ ಮನೆಗೆ ತಂದು ಕೆಂಚ ಎಂದು ಹೆಸರಿಟ್ಟಿದ್ದೀರಂತೆ, ನಿಮ್ಮಪ್ಪ ಹೇಳಿದ. ದೀಪಾವಳಿಗೆ ಅವನನ್ನೂ ರಾಣೆಬೆನ್ನೂರಿಗೆ ಕರೆದೊಯ್ಯುವ ವಿಚಾರವಿದೆ, ಅಳಿಯಂದಿರ ಜರ್ಮನಿಯ ಕೆಲಸ ಗಟ್ಟಿಯಾದರೆ ಅಲ್ಲಿಗೂ ಒಯ್ಯುತ್ತೀರಿ ಎಂದೂ ತಿಳಿಯಿತು. ಕೇಳಿ ಮನಸ್ಸು ತುಂಬಿತು. ಈ ಪುಣೆಗೆ ಕೆಲಸ ಹುಡುಕಿ ಬಂದಂದಿನಿಂದ ನಾನೂ ನಿನ್ನ ದೊಡ್ಡವ್ವನೂ ಸಾಕಿದ್ದೆಲ್ಲ ಬೀದಿನಾಯಿಗಳನ್ನೇ. ಆ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೋ.

ನಾಯಿಯನ್ನು ಪ್ರೀತಿಸುವುದನ್ನು ನಿನಗೆ ಯಾರೂ ಕಲಿಸಬೇಕಿಲ್ಲ. ನಾಯಿ ಎಂದರೆ ಆಗದವರ ನಡುವೆ ಅವನಿಗೊಂದು ಜಾಗ ಮಾಡಿಕೊಡುವುದನ್ನು ಮಾತ್ರ ಕಲಿಯಬೇಕು. ಸಾಕಿದವರ ದುಡಿಮೆಯೆಲ್ಲ ಅಲ್ಲೇ ಇದೆ. ಆ ಜಾಗ ಪುಣೆಯ ಸೊಸಾಯಿಟಿಯಲ್ಲಿ ಒಂದು ಬಗೆ, ರಾಣೆಬೆನ್ನೂರಿನ ನಮ್ಮ ಹಳೇ ಮನೆಯಲ್ಲಿ ಇನ್ನೊಂದು ಬಗೆ, ಪರದೇಶದಲ್ಲಿ ಪೂರಾ ಬೇರೆ. ಕೆಂಚನಿಗೆ ಇವು ಯಾವುದೂ ತಿಳಿಯದು. ಅವನ ಪರವಾಗಿ ನೀನೇ ತಿಳಿದುಕೊಳ್ಳಬೇಕು.

ಮೊದಲು ಅವನು ನಿಮ್ಮ ಮನೆಯನ್ನು ನಂಬಲಿ. ಬೀದಿಯಲ್ಲಿ ಹುಟ್ಟಿದ ಮರಿಗೆ ಕಸಬರಿಗೆ ಎತ್ತಿದರೂ ಕಲ್ಲು ಬಂದ ಹಾಗೆ, ವಾಚ್‌ಮನ್ ಕೋಲು ಊರಿದರೂ ಎದೆ ನಡುಗುತ್ತದೆ. ಮಂಚದ ಕೆಳಗೆ ಹೋಗಿ ಕೂತರೆ ಎಳೆಯಬೇಡ, ಅಲ್ಲೇ ನೀರಿಡು. ಬಂದುಹೋಗುವ ಗೆಳೆಯರಿಗೆಲ್ಲ ಎತ್ತಿಕೊಂಡು ತೋರಿಸಬೇಡ. ಉಣ್ಣುವಾಗ, ಮಲಗಿದಾಗ ಮಕ್ಕಳು ಅವನನ್ನು ಮುಟ್ಟದಂತೆ ನೋಡಿಕೋ. ಇನ್ನು ಮಾತು. ಮನೆಯಲ್ಲಿ ಕನ್ನಡ, ಕೆಲಸಕ್ಕೆ ಬರುವ ಮಾವಶಿಯದು ಮರಾಠಿ, ಅಳಿಯಂದಿರ ಗೆಳೆಯರದು ಹಿಂದಿ, ನಾಳೆ ಜರ್ಮನ್. ಒಬ್ಬೊಬ್ಬರು ಒಂದೊಂದು ಮಾತಿನಲ್ಲಿ ಕರೆದರೆ ಮರಿ ಗೊಂದಲಕ್ಕೆ ಬೀಳುತ್ತದೆ. ಬಾ, ಕೂಡು, ಬಿಡು, ನಿಲ್ಲು ಎಂಬ ನಾಲ್ಕು ಮಾತು ಸಾಕು. ಪ್ರತಿಯೊಂದಕ್ಕೂ ಒಂದು ಕೈಸನ್ನೆ ಇರಲಿ, ಮಾವಶಿಗೂ ಅದನ್ನೇ ಹೇಳಿಕೊಡು. ಸನ್ನೆ ಯಾವ ದೇಶಕ್ಕೆ ಹೋದರೂ ನಡೆಯುತ್ತದೆ.

ಸೊಸಾಯಿಟಿಯ ವಿಷಯದಲ್ಲಿ ಕಾಯಿದೆ ನಿನ್ನ ಕಡೆಗಿದೆ. ನಾಯಿ ಸಾಕಬಾರದು, ಲಿಫ್ಟಿನಲ್ಲಿ ತರಬಾರದು ಎಂದು ಸೊಸಾಯಿಟಿಗಳು ಬಹುಮತದಿಂದ ಠರಾವು ಮಾಡಿದರೂ ನಿಲ್ಲದು ಎಂದು ಪ್ರಾಣಿ ಕಲ್ಯಾಣ ಮಂಡಳಿ ಹಿಂದೆಯೇ ಸ್ಪಷ್ಟಪಡಿಸಿದೆ. ಆದರೂ ಮಂಡಳಿಯ ಕಾಗದ ಹಿಡಿದು ಜಗಳಕ್ಕೆ ನಿಲ್ಲಬೇಡ. ನಿಮ್ಮ ಮಹಡಿಯಲ್ಲಿ ನಾಯಿಗೆ ಹೆದರುವ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ಅವರು ಲಿಫ್ಟಿನಲ್ಲಿದ್ದರೆ ನೀನು ಮುಂದಿನದಕ್ಕೆ ಕಾಯಿ. ಹಗ್ಗ ಬಿಡಬೇಡ, ಹೇಲು ಎತ್ತುವ ಚೀಲ ಕಿಸೆಯಲ್ಲಿರಲಿ, ಪಾಲಿಕೆಯ ಪರವಾನಗಿ ಮಾಡಿಸು. ವೇತಾಳ ಟೇಕಡಿಗೆ ನಸುಕಿನಲ್ಲಿ ಕರೆದೊಯ್ದರೂ ಹಗ್ಗ ಬಿಚ್ಚಬೇಡ, ಅಲ್ಲಿ ನವಿಲುಗಳಿವೆ. ಗಣಪತಿ ವಿಸರ್ಜನೆಯ ದಿನ ಈ ಊರಿನ ಢೋಲ್-ತಾಶಾ ನಮಗೆಷ್ಟು ಪ್ರಿಯವೋ ನಾಯಿಗೆ ಅಷ್ಟೇ ಹಿಂಸೆ. ಅಂದು ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಯಾರಾದರೊಬ್ಬರು ಅವನ ಜೊತೆ ಕೂತಿರಿ. ಇದೇ ಕಾರಣಕ್ಕೆ ದೀಪಾವಳಿಗೆ ಊರಿಗೆ ಕರೆದೊಯ್ಯುವುದು ಬೇಡ. ಪಟಾಕಿಗೆ ಬೆದರಿದ ನಾಯಿ ಹಗ್ಗ ಹರಿದುಕೊಂಡು ಓಡುತ್ತದೆ, ಗೊತ್ತಿಲ್ಲದ ಊರಿನಲ್ಲಿ ಓಡಿದ್ದು ಸಿಗುವುದು ಕಷ್ಟ. ಹಬ್ಬ ಕಳೆದು ಮನೆ ತಣ್ಣಗಾದ ಮೇಲೆ ಹೋಗಿ.

ಊರಿನ ಮನೆಯ ಮಾತು ಸ್ವಲ್ಪ ಉದ್ದ. ನಮ್ಮವ್ವ ಇರುವ ಆ ಮನೆಯಲ್ಲಿ ನಾಯಿ ಹಿತ್ತಲಿಗೆ ಬರಬಹುದು, ಕಟ್ಟೆಯ ಮೇಲೆ ಮಲಗಬಹುದು, ಹೊಸ್ತಿಲು ದಾಟುವಂತಿಲ್ಲ. ಪುಣೆಯಲ್ಲಿ ನಿಮ್ಮ ಸೋಫಾದ ಮೇಲೆ ಮಲಗುವ ಕೆಂಚನನ್ನು ಅಲ್ಲಿ ಹೊರಗೆ ಕೂರಿಸಿದರೆ ನಿನಗೆ ಸಿಟ್ಟು ಬರುತ್ತದೆ. ಅವ್ವನಿಗೆ ಪ್ರಾಣಿಗಳ ಮೇಲೆ ದಯೆ ಇಲ್ಲ ಎಂದು ಮಾತ್ರ ತಿಳಿಯಬೇಡ. ಮೊದಲ ರೊಟ್ಟಿ ನಾಯಿಗೆ ಎತ್ತಿಟ್ಟು ನಮಗೆ ಬಡಿಸಿದವಳು ಅವಳು. ಆ ಮನೆಯಲ್ಲಿ ನಾಯಿಗೆ ಅನ್ನದ ಪಾಲಿತ್ತು, ಕಾಯುವ ಕೆಲಸವಿತ್ತು, ಮಲಗುವ ಜಾಗವೂ ಗೊತ್ತಿತ್ತು. ಅವೆಲ್ಲ ಒಟ್ಟಿಗೇ ಬಂದ ಪದ್ಧತಿ.

ನಮ್ಮ ಮನೆದೇವರೇ ನೋಡು. ಮೈಲಾರಲಿಂಗ ನಾಯಿಗಳೊಡನೆ ಬೇಟೆಗೆ ಹೊರಡುವ ದೇವರು. ಅವನ ಗೊರವಯ್ಯಗಳು ಕರಿಕಂಬಳಿ ಹೊದ್ದು, ಡಮರು ಹಿಡಿದು, ದೋಣಿಸೇವೆಯಲ್ಲಿ ನಾಯಿಯ ಹಾಗೆ ಬೊಗಳುತ್ತ ದೋಣಿಗೆ ಬಾಯಿ ಹಾಕಿ ಪ್ರಸಾದ ಉಣ್ಣುತ್ತಾರೆ. ದೇವರಗುಡ್ಡದ ಜಾತ್ರೆಯಲ್ಲಿ ನೀನು ಚಿಕ್ಕವಳಿದ್ದಾಗ ಅವರನ್ನು ನೋಡಿ ನನ್ನ ಬೆನ್ನ ಹಿಂದೆ ಅಡಗಿದ್ದೆ. ಅದೇ ದೇವರು ಪುಣೆಗೆ ಹತ್ತಿರದ ಜೇಜುರಿಯಲ್ಲಿ ಖಂಡೋಬಾ ಆಗಿ ಭಂಡಾರದಲ್ಲಿ ಮೀಯುತ್ತಾನೆ, ಅಲ್ಲಿಯೂ ಅವನ ಕುದುರೆಯ ಪಕ್ಕ ನಾಯಿ ಓಡುತ್ತದೆ, ಅಲ್ಲಿಯೂ ಅವನ ಭಕ್ತರಾದ ವಾಘ್ಯಾಗಳು ತಮ್ಮನ್ನು ಅವನ ನಾಯಿಗಳೆಂದೇ ಕರೆದುಕೊಳ್ಳುತ್ತಾರೆ. ಪುಣೆಯಲ್ಲಿ ಇದ್ದು, ಕುರಿ ಕಾಯುವ ಧನಗರರ ಹಿಂದೆ ಗುಡ್ಡ ಸುತ್ತಿ, ಮೈಲಾರ, ಖಂಡೋಬಾ, ತೆಲುಗರ ಮಲ್ಲಣ್ಣ ಇವರ ನಂಟನ್ನು ಅಭ್ಯಾಸ ಮಾಡಿದವರು ಗುಂಥರ್ ಝೋಂಟ್‌ಹೈಮರ್ (1934-1992) ಎಂಬ ಜರ್ಮನ್ ವಿದ್ವಾಂಸರು. ನೀವು ಹೋಗಲಿರುವ ದೇಶದಿಂದ ಬಂದು ನಮ್ಮ ಗೊರವರ ಜೊತೆ ಕೂತವರು. ಅವರ ಪುಸ್ತಕ ಸಿಕ್ಕರೆ ಓದು.

ಇನ್ನೂ ಹಿಂದಕ್ಕೆ ಹೋದರೆ ಆತಕೂರಿನ ಕಲ್ಲು ಇದೆ. ಮಂಡ್ಯ ಸೀಮೆಯದು, ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಡೆಯವರು ಚೋಳರನ್ನು ಸೋಲಿಸಿದರು. ಅಲ್ಲಿ ಶೌರ್ಯ ಮೆರೆದ ಮಣಲೆರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋದಾಗ ನೋಡಿ ಬಾ. ನಾಯಿಯ ಮೇಲಿನ ಅಕ್ಕರೆ ಪಟ್ಟಣದವರು ಹೊರಗಿನಿಂದ ಕಲಿತು ಬಂದ ಹೊಸ ಶೋಕಿ ಎಂದು ಯಾರಾದರೂ ಹೇಳಿದರೆ ಕುಗ್ಗಬೇಡ. ಹಾಗೆಯೇ ಊರಿನವರಿಗೆ ನಾಯಿ ಎಂದರೇನು ಎಂದು ಪಾಠ ಹೇಳಲೂ ಹೋಗಬೇಡ.

ಆದ್ದರಿಂದ ಅವ್ವನ ಹೊಸ್ತಿಲನ್ನು ಗೌರವಿಸು. ಕೆಂಚನ ಹಾಸಿಗೆ, ಅವನ ತಾಟು ಪುಣೆಯಿಂದಲೇ ಒಯ್ದು ಪಡಸಾಲೆಯ ಹೊರಗಿನ ಕಟ್ಟೆಯ ಮೇಲೆ ಹಾಸು. ಮೊದಲ ರಾತ್ರಿ ನೀವೂ ಅಲ್ಲೇ ಪಕ್ಕದಲ್ಲಿ ಮಲಗಿ, ಆಗ ಅವನು ಅಳುವುದಿಲ್ಲ. ಮರುದಿನ ಅವ್ವನ ಕೈಯಿಂದಲೇ ರೊಟ್ಟಿಯ ಚೂರು ಹಾಕಿಸು. ಮನೆಯವರಿಗೆ ಒಂದು ಮಾತು ಮೊದಲೇ ಹೇಳಿಡು: ಉಳ್ಳಾಗಡ್ಡಿ ಹಾಕಿದ ಪಲ್ಯ, ಒಣದ್ರಾಕ್ಷಿ ಬಿದ್ದ ಪಾಯಸ, ಮಕ್ಕಳ ಕೈಯ ಚಾಕೊಲೇಟ್ ನಾಯಿಗೆ ವಿಷ. ಪ್ರೀತಿಯಿಂದ ಕೊಟ್ಟರೂ ವಿಷವೇ.

ಊರಿನವರ ಹೆದರಿಕೆಯನ್ನು ಹಗುರಾಗಿ ತೆಗೆದುಕೊಳ್ಳಬೇಡ. ಹುಚ್ಚುನಾಯಿ ಕಚ್ಚಿ ಸತ್ತವರನ್ನು ಕಣ್ಣಾರೆ ಕಂಡ ಜನ ಅಲ್ಲಿದ್ದಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದಿಲ್ಲವೆಂದೇ ತಿಳಿ. ಕೆಂಚನಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ದಿನಕ್ಕೆ ಮತ್ತೊಂದು, ಮುಂದೆ ವರ್ಷಕ್ಕೊಮ್ಮೆ ತಪ್ಪಬಾರದು. ಲಸಿಕೆಯ ಪುಸ್ತಕ ನಿನ್ನ ಕೈಚೀಲದಲ್ಲೇ ಇರಲಿ, ಕೇಳಿದವರಿಗೆ ತೆರೆದು ತೋರಿಸು. ಆಟದಲ್ಲಿ ಯಾರಿಗಾದರೂ ಹಲ್ಲು ತಾಕಿತೋ, ಅರಿಸಿನ, ಖಾರಪುಡಿ ಏನೂ ಹಚ್ಚಗೊಡಬೇಡ. ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ದವಾಖಾನೆಗೆ ಕರೆದೊಯ್ಯಿ. ನಮ್ಮ ನಾಯಿಗೆ ಲಸಿಕೆ ಆಗಿದೆ, ಏನೂ ಆಗುವುದಿಲ್ಲ ಎಂಬ ಮಾತು ಆಡಬೇಡ.

ಪುಣೆಯಿಂದ ಊರಿಗೆ ದಾರಿ 500 ಕಿಲೋಮೀಟರಿಗೂ ಹೆಚ್ಚು. ನಿಮ್ಮದೇ ಕಾರು ಇದ್ದರೆ ಅದೇ ಒಳ್ಳೆಯದು. ನಸುಕಿನಲ್ಲೇ ಕಾತ್ರಜ ದಾಟಿಬಿಡಿ. ಖಂಬಾಟಕಿ ಘಾಟಿನ ತಿರುವಿಗೆ ನಾಯಿಗೂ ಹೊಟ್ಟೆ ತೊಳಸುತ್ತದೆ, ಹಾಗಾಗಿ ಹೊರಡುವ ಮೂರು-ನಾಲ್ಕು ತಾಸು ಮೊದಲೇ ಹಗುರಾಗಿ ಉಣ್ಣಿಸಿ. ಎರಡು ತಾಸಿಗೊಮ್ಮೆ ನಿಲ್ಲಿಸಿ ನೀರು ಕುಡಿಸಿ. ಧಾಬಾದ ಅಂಗಳ ಅಲ್ಲಿಯ ನಾಯಿಗಳ ಸೀಮೆ, ಅಲ್ಲಿ ಕೆಂಚನನ್ನು ಬಿಟ್ಟರೆ ಕಾಳಗ ಖಂಡಿತ. ಕಾರಿನಲ್ಲಿ ಕೂಡಿಹಾಕಿ ಊಟಕ್ಕೆ ಹೋಗುವುದಂತೂ ಬೇಡವೇ ಬೇಡ. ಬಿಸಿಲಿಗೆ ನಿಂತ ಕಾರು ಸ್ವಲ್ಪ ಹೊತ್ತಿನಲ್ಲೇ ಜೀವ ತೆಗೆಯುತ್ತದೆ. ಒಬ್ಬರು ಉಂಡು ಬಂದ ಮೇಲೆ ಇನ್ನೊಬ್ಬರು ಹೋಗಿ.

ರೈಲಿಗೆ ನಿಯಮ ಬಿಗಿ. ಸ್ಲೀಪರಿನಲ್ಲಿ, ಎರಡನೇ-ಮೂರನೇ ದರ್ಜೆಯ ಎಸಿಯಲ್ಲಿ ನಾಯಿಗೆ ಪ್ರವೇಶವಿಲ್ಲ. ಮೊದಲ ದರ್ಜೆ ಎಸಿಯಲ್ಲಿ ಇಬ್ಬರ ಕೂಪೆಯನ್ನೋ ನಾಲ್ವರ ಕ್ಯಾಬಿನ್ನನ್ನೋ ಪೂರ್ತಿ ಹಿಡಿದರೆ ಮಾತ್ರ ಜೊತೆಯಲ್ಲಿ ಒಯ್ಯಬಹುದು, ಅದಕ್ಕೂ ಪಾರ್ಸೆಲ್ ಕಚೇರಿಯಲ್ಲಿ ಬುಕಿಂಗ್ ಬೇಕು. ಇನ್ನೊಂದು ದಾರಿ ಗಾರ್ಡಿನ ಡಬ್ಬಿಯ ನಾಯಿಪೆಟ್ಟಿಗೆ. ಭಯ ಇನ್ನೂ ಬಿಡದ ಮರಿಯನ್ನು ಆ ಕತ್ತಲ ಪೆಟ್ಟಿಗೆಗೆ ಹಾಕಬೇಡಿ ಎಂದೇ ನನ್ನ ಮಾತು. ಕರ್ನಾಟಕದ ಒಳಗೆ ಓಡಾಡುವುದಾದರೆ ಕೆಎಸ್‌ಆರ್‌ಟಿಸಿ 2022ರಲ್ಲಿ ನಾಯಿಗೆ ಅರ್ಧ ಟಿಕೆಟ್ ಮಾಡಿದೆ. ಆದರೂ ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳಿ ಕೂಡಿಸು.

ಇನ್ನು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಕೊರೆಯುತ್ತಿರುವ ಮಾತು. ಹಿಂಜೆವಾಡಿ, ಖರಾಡಿ ಕಡೆಯ ಐಟಿ ಕೆಲಸದ ಎಳೆಯರು ಅಕ್ಕರೆಯಿಂದಲೇ ನಾಯಿ ತರುತ್ತಾರೆ. ವರ್ಗವಾದಾಗ, ವೀಸಾ ಬಂದಾಗ, ಕೂಸು ಹುಟ್ಟಿದಾಗ ಅದನ್ನು ಯಾವುದೋ ಗೇಟಿನ ಹತ್ತಿರ ಬಿಟ್ಟು ಹೋಗುವವರೂ ಅವರಲ್ಲಿದ್ದಾರೆ. ಬೀದಿಯಲ್ಲೇ ಬೆಳೆದ ನಾಯಿ ಬೀದಿಯಲ್ಲಿ ಬದುಕೀತು. ಮನೆಯಲ್ಲಿ ಬೆಳೆದದ್ದಕ್ಕೆ ಗಾಡಿ ತಪ್ಪಿಸಲು, ಬೇರೆ ನಾಯಿಗಳಿಗೆ ಸೋತು ದಾರಿ ಬಿಡಲು ಬರುವುದಿಲ್ಲ. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರ ಆದೇಶದಲ್ಲಿ, ಬೀದಿನಾಯಿಯನ್ನು ದತ್ತು ಪಡೆದವರು ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಹೊರಬೇಕು ಎಂದು ಹೇಳಿದೆ. ಕೋರ್ಟು ಹೇಳದಿದ್ದರೂ ಅದು ನಿನ್ನ ಹೊಣೆಯೇ. ಮಹಾಭಾರತವೂ ಆ ಹೊಣೆಯ ಮಾತನ್ನೇ ಆಡುತ್ತದೆ. ನಮ್ಮ ಲಾ ಕಾಲೇಜ್ ರಸ್ತೆಯ ಭಾಂಡಾರಕರ ಸಂಸ್ಥೆ 1919ರಲ್ಲಿ ಹಿಡಿದು 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣೆಯನ್ನು ತೆರೆದು ನೋಡು. ಆದಿಪರ್ವದ ಮೊದಲಲ್ಲೇ ಸರಮೆ ಎಂಬ ನಾಯಿತಾಯಿ ಬರುತ್ತಾಳೆ. ತಪ್ಪು ಮಾಡದ ತನ್ನ ಮರಿಯನ್ನು ಹೊಡೆದರಲ್ಲ ಎಂದು ಜನಮೇಜಯನ ಯಜ್ಞಕ್ಕೇ ಬಂದು ಕೇಳುತ್ತಾಳೆ, ರಾಜಮನೆತನದವರಿಗೆ ಉತ್ತರ ಹೊಳೆಯುವುದಿಲ್ಲ. ಕೊನೆಗೆ ಬಂದರೆ ಧರ್ಮರಾಯ, ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತಲಾರೆ ಎಂದು ನಿಲ್ಲುತ್ತಾನೆ. ಅಷ್ಟು ದೊಡ್ಡ ಕಥೆಯ ಎರಡೂ ತುದಿಯಲ್ಲಿ ನಾಯಿ ನಿಂತಿದೆ.

ಜರ್ಮನಿಗೆ ಹೋಗುವುದಾದರೆ ಕೆಂಚನ ಟಿಕೆಟ್ಟೂ ನಿಮ್ಮ ಲೆಕ್ಕದಲ್ಲೇ ಇರಲಿ, ಆಫರ್ ಕಾಗದಕ್ಕೆ ಸಹಿ ಹಾಕುವ ಮೊದಲು ಆ ಖರ್ಚು ಕೂಡಿಸಿ ನೋಡಿ. ಅಲ್ಲಿ ನಾಯಿಗೆ ಊರಿನ ಆಡಳಿತ ತೆರಿಗೆ ಹಾಕುತ್ತದೆ, ಬಾಡಿಗೆ ಮನೆಗೆ ಮಾಲೀಕರ ಒಪ್ಪಿಗೆ ಬೇಕು, ದೊಡ್ಡ ನಾಯಿ ರೈಲು ಹತ್ತಿದರೆ ಅದಕ್ಕೂ ಟಿಕೆಟ್ಟು, ಬಾಯಿಗೆ ಕುಕ್ಕೆ. ರಾತ್ರಿ ಹತ್ತರ ಮೇಲೆ ಬೊಗಳಿದರೆ ನೆರೆಯವರು ಸಹಿಸುವುದಿಲ್ಲ. ಅದೇ ಜನ ಹೋಟೆಲಿನ ಮೇಜಿನ ಕೆಳಗೆ ನಾಯಿ ಮಲಗಿದರೆ ಏನೂ ಅನ್ನುವುದಿಲ್ಲ. ಬೀದಿನಾಯಿ ಎಂಬುದೇ ಆ ಬೀದಿಗಳಲ್ಲಿಲ್ಲ, ಆದರೆ ರೊಮೇನಿಯಾದಂಥ ದೇಶಗಳಿಂದ ಬೀದಿನಾಯಿ ತಂದು ಸಾಕಿದ ಮನೆಗಳು ಬೇಕಾದಷ್ಟಿವೆ. ಅಂಥವರನ್ನು ಹುಡುಕಿ ಗೆಳೆತನ ಮಾಡಿಕೋ, ಹೆದರಿದ ನಾಯಿಯ ಸ್ವಭಾವ ಅವರಿಗೆ ಗೊತ್ತು. ಯಾವ ಜಾತಿಯ ನಾಯಿ ಎಂದು ಕೇಳಿದರೆ ಪುಣೆಯ ಬೀದಿಯದು ಎಂದು ತಲೆಯೆತ್ತಿ ಹೇಳು. ಮೊಂಡು ಮೂಗಿನ ಪಗ್‌ನಂಥ ನಾಯಿಗಳನ್ನು ಉಸಿರಾಟದ ತೊಂದರೆಗೆ ಹೆದರಿ ಹಲವು ವಿಮಾನ ಕಂಪನಿಗಳು ಹತ್ತಿಸುವುದೇ ಇಲ್ಲ. ಕೆಂಚನ ಉದ್ದ ಮೂಗಿಗೆ ಆ ಕಾಟವಿಲ್ಲ. ವಿಮಾನದ ಪೆಟ್ಟಿಗೆಯನ್ನು ಈಗಲೇ ತಂದು ಮನೆಯಲ್ಲಿಡು, ಅದರೊಳಗೇ ಊಟ ಹಾಕು, ಅದರಲ್ಲೇ ಮಲಗಲಿ. ಹೊರಡುವ ದಿನ ನಿದ್ದೆಯ ಗುಳಿಗೆ ಕೊಡುವುದು ಬೇಡ.

ಕಾಗದಪತ್ರಕ್ಕೆ ತಿಂಗಳುಗಟ್ಟಲೆ ಬೇಕು. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನದ ಮೇಲೆ ರಕ್ತ ತೆಗೆದು ಯುರೋಪಿಯನ್ ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಕೊನೆಗೆ ಸರಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಪ್ರಮಾಣಪತ್ರ, ಪುಣೆಯವರಿಗೆ ಹತ್ತಿರದ್ದು ಮುಂಬೈ. ಚಿಪ್ ಹಾಕಿಸುವ ಮೊದಲು ಕೊಟ್ಟ ರೇಬೀಸ್ ಲಸಿಕೆಯನ್ನು ಯುರೋಪಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಲ್ಲ ಮೊದಲಿನಿಂದ ಆಗಬೇಕು. ವೀಸಾ ಬರಲಿ ಎಂದು ಕಾಯಬೇಡ ಮಗಳೇ. ಈ ಶನಿವಾರವೇ ಚಿಪ್ ಹಾಕಿಸಿಬಿಡು, ಡಾಕ್ಟರ ಹತ್ತಿರ ನಾನೂ ಜೊತೆಗೆ ಬರುತ್ತೇನೆ.