ಚಂಡಮಾರುತ ಬಂದರೆ ತಾರಸಿ ಯಾರದ್ದು?



ಹಂಚು ಸರಿಮಾಡಿಸುವುದು, ಕಟ್ಟಿಗೆ ಒಳಗೆ ಹಾಕುವುದು, ಹಪ್ಪಳ ಒಣಗಿಸುವುದು – ಮಳೆಗಾಲದ ತಯಾರಿಯನ್ನು ಕರಾವಳಿಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಚಂಡಮಾರುತ ಎಂದ ಕೂಡಲೇ “ಅದೆಲ್ಲ ಒಡಿಶಾದವರಿಗೆ, ನಮಗಲ್ಲ ಸಿಸ್ಟರ್” ಎನ್ನುವವರು ಈಗಲೂ ಇದ್ದಾರೆ. 2021ರ ಮೇ 15 ಮತ್ತು 16ನ್ನು ನೆನಪು ಮಾಡಿಕೊಳ್ಳಿ. ತೌಕ್ತೆ ಚಂಡಮಾರುತ ನಮ್ಮ ದಡಕ್ಕೆ ಬರಲೇ ಇಲ್ಲ. ಸಮುದ್ರದಲ್ಲೇ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತಿನಲ್ಲಿ ದಡ ಸೇರಿತು. ಬರೇ ಹಾದುಹೋದದ್ದಕ್ಕೇ ಉಳ್ಳಾಲ, ಸೋಮೇಶ್ವರ ಕಡೆ ಸಮುದ್ರ ಬದಿಯ ಮನೆಗಳಿಗೆ ಹಾನಿಯಾಯಿತು, ಮರ, ಕಂಬಗಳು ಉರುಳಿದವು. (ತೌಕ್ತೆ ಎಂದರೆ ಬರ್ಮಾದವರ ಮಾತಿನಲ್ಲಿ ಹಲ್ಲಿ. ಹೆಸರು ಕೇಳಿ ಮೋಸ ಹೋಗಬಾರದು!)

ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವುದು ಹೆಚ್ಚಾಗಿ ಮಳೆಗಾಲದ ಎರಡು ತುದಿಗಳಲ್ಲಿ: ಮೇ-ಜೂನ್‌ನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಎಂದು ಕರೆದು ಹೆಸರಿಡುತ್ತದೆ.

ಈ ತಿಂಗಳ ಪಾಠ ಒಂಟಿ ಮನೆಯವರಿಗಿಂತ ಲೈನ್ ಮನೆ, ಕ್ವಾರ್ಟರ್ಸ್, ಫ್ಲ್ಯಾಟ್‌ಗಳಲ್ಲಿ ಇರುವ ಸದಸ್ಯೆಯರಿಗೆ. ಯಾಕೆಂದರೆ ಸ್ವಂತ ಮನೆಯ ಮಾಡು ಸೋರಿದರೆ ಮನೆಯವರೇ ಹತ್ತಿ ನೋಡುತ್ತಾರೆ. ಎಂಟು ಸಂಸಾರ ಇರುವ ಕಟ್ಟಡದ ತಾರಸಿಯನ್ನು ಯಾರು ನೋಡಬೇಕು? ಮೇಲಿನವರು “ಧಣಿ ನೋಡ್ಲಿ” ಅಂತಾರೆ, ಕೆಳಗಿನವರು “ನಾವು ಮೇಲೆ ಹೋಗುವುದೇ ಇಲ್ಲ” ಅಂತಾರೆ. ಧಣಿ ಇರುವುದು ಮುಂಬಯಿಯಲ್ಲೋ ದುಬೈಯಲ್ಲೋ. ತಾರಸಿ, ನೀರಿನ ಟ್ಯಾಂಕಿ, ಮೆಟ್ಟಿಲು, ಮೀಟರ್ ಬೋರ್ಡು – ಎಲ್ಲರದ್ದಾದ ಇವು ಯಾರದ್ದೂ ಅಲ್ಲದೆ ಉಳಿಯುತ್ತವೆ. ಅಪಾಯ ಇರುವುದೂ ಅಲ್ಲಿಯೇ.

ಮೊದಲು ತಾರಸಿ. ನೀರು ಇಳಿಯುವ ಪೈಪಿನ ಬಾಯಿಯಲ್ಲಿ ಒಂದು ಹಾಲಿನ ತೊಟ್ಟೆ, ನಾಲ್ಕು ಎಲೆ ಕೂತರೆ ಸಾಕು, ಇಡೀ ತಾರಸಿ ಕೆರೆಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕು ಇಂಚು ನೀರು ನಿಂತರೆ ಸುಮಾರು ನೂರು ಕಿಲೋ ಭಾರ. ಇಡೀ ತಾರಸಿಗೆ ಎಷ್ಟಾಯಿತು, ಲೆಕ್ಕ ಹಾಕಿ. ಮೇಲಿಟ್ಟ ಹೂವಿನ ಚಟ್ಟಿ, ಹಳೇ ಶೀಟು, ಮುರಿದ ಕುರ್ಚಿ ಎಲ್ಲ ಕೆಳಗೆ ತನ್ನಿ. ಬಿರುಗಾಳಿಗೆ ಇವೇ ಕಲ್ಲುಗುಂಡು. ಪ್ಲಾಸ್ಟಿಕ್ ಟ್ಯಾಂಕಿಯನ್ನು ಖಾಲಿ ಬಿಡಬೇಡಿ. ಖಾಲಿ ಟ್ಯಾಂಕಿಯನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಸಾವಿರ ಲೀಟರ್ ತುಂಬಿಸಿದರೆ ಅದಕ್ಕೆ ಒಂದು ಟನ್ ತೂಕ ಬರುತ್ತದೆ, ಕರೆಂಟು ಹೋದ ಮೇಲೆ ಕುಡಿಯಲಿಕ್ಕೂ ನೀರು ಆಗುತ್ತದೆ.

ತಾರಸಿಯ ಮೇಲೆ ಶೀಟಿನ ಮಾಡು ಹಾಕಿದ ಕಟ್ಟಡಗಳು ನಮ್ಮಲ್ಲಿ ಬಹಳ. ಗಾಳಿ ಶೀಟನ್ನು ಒತ್ತಿ ಮುರಿಯುವುದಕ್ಕಿಂತ ಅಡಿಯಿಂದ ಎತ್ತಿ ಕೀಳುವುದೇ ಹೆಚ್ಚು, ಅದೂ ಅಂಚು ಮತ್ತು ಮೂಲೆಗಳಲ್ಲಿ. ಆದ್ದರಿಂದ ಅಲ್ಲಿಯ ಬೋಲ್ಟುಗಳನ್ನು ಏಪ್ರಿಲ್‌ನಲ್ಲೇ ಕೆಲಸದವರಿಂದ ನೋಡಿಸಿ. ಗಾಳಿ ಶುರುವಾದ ಮೇಲೆ ಗಂಡನನ್ನೋ ಮಗನನ್ನೋ ಮೇಲೆ ಹತ್ತಿಸಬೇಡಿ.

ಎರಡನೆಯದು ಮೀಟರ್ ಬೋರ್ಡು. ಹೆಚ್ಚಿನ ಕಡೆ ಇದು ಕೆಳಗಿನ ಮಹಡಿಯ ಮೆಟ್ಟಿಲ ಬುಡದಲ್ಲಿರುತ್ತದೆ, ನೀರು ಮೊದಲು ಬರುವುದೂ ಅಲ್ಲಿಗೇ. ನೀರು ಅಂಗಳಕ್ಕೆ ಬರುವ ಮೊದಲೇ ಒಣ ಕೈಯಿಂದ, ಒಣ ನೆಲದಲ್ಲಿ ನಿಂತು ಮೇನ್ ಸ್ವಿಚ್ಚು ತೆಗೆಯಬೇಕು. ನೀರು ನಿಂತ ಮೇಲೆ ಬೋರ್ಡಿನ ಹತ್ತಿರ ಹೋಗಲೇಬಾರದು. 1912ಕ್ಕೆ ಫೋನ್ ಮಾಡಿ ಲೈನೇ ಬಂದ್ ಮಾಡಿಸಿ. ಲಿಫ್ಟ್ ಇದ್ದರೆ ಮೇಲಿನ ಮಹಡಿಗೆ ತಂದು ಆಫ್ ಮಾಡಿ. ಮೂರನೇ ಮಹಡಿಯ ಅಜ್ಜಿಯನ್ನು ಇಳಿಸಬೇಕಾದರೆ ಗಾಳಿ ಏಳುವ ಮೊದಲೇ ಇಳಿಸಬೇಕು. ಯಾರು ಎತ್ತಿಕೊಳ್ಳುವುದು ಎಂದು ಮೊದಲೇ ಮಾತಾಡಿರಿ.

ಚಂಡಮಾರುತದ ನಡುಭಾಗವೇ ನಮ್ಮ ಮೇಲೆ ಬಂದರೆ ಗಾಳಿ ಒಮ್ಮೆಲೇ ನಿಂತುಬಿಡುತ್ತದೆ. “ಮುಗಿಯಿತು” ಎಂದು ಬಾಗಿಲು ತೆಗೆದವರ ಮೇಲೆ ಸ್ವಲ್ಪ ಹೊತ್ತಿನಲ್ಲಿ ಎದುರು ದಿಕ್ಕಿನಿಂದ ಗಾಳಿ ಬಡಿಯುತ್ತದೆ. ರೇಡಿಯೋದಲ್ಲೋ ಮೊಬೈಲಿನಲ್ಲೋ ಅಧಿಕೃತವಾಗಿ ಹೇಳುವ ತನಕ ಒಳಗೇ ಇರಿ.

ಇನ್ನು ಗಾಳಿ ಹೋದ ಮೇಲಿನ ಕೆಲಸ. ನಾವು ಹೆಂಗಸರು ಕೂಡಲೇ ಹಿಡಿಸೂಡಿ ಹಿಡಿಯುತ್ತೇವೆ. ದಯವಿಟ್ಟು ಸ್ವಲ್ಪ ನಿಲ್ಲಿ. ಬಿದ್ದ ತಂತಿ ಎಲ್ಲಾದರೂ ಉಂಟಾ ನೋಡಿ, ಇದ್ದರೆ ದೂರವೇ ಇರಿ. ಆಮೇಲೆ ಗುಡಿಸುವ ಮೊದಲು ಫೋಟೋ ತೆಗೆಯಿರಿ: ಮಾಡು, ಗೋಡೆ, ನೀರು ನಿಂತ ಗುರುತು, ಹಾಳಾದ ಹಾಸಿಗೆ, ಮಿಷನ್, ಅಕ್ಕಿ. ಗ್ರಾಮ ಆಡಳಿತ ಅಧಿಕಾರಿ (ನಾವು ಗ್ರಾಮಕರಣಿಕರು ಎನ್ನುತ್ತಿದ್ದವರು) ಬಂದಾಗ ಎಲ್ಲ ತೊಳೆದು ಚೊಕ್ಕ ಮಾಡಿಟ್ಟಿದ್ದರೆ ಅವರು ಏನೆಂದು ಬರೆಯಬೇಕು? ಕಟ್ಟಡಕ್ಕೆ ಧಣಿ ಅರ್ಜಿ ಹಾಕಿದರೂ ಬಾಡಿಗೆಯವರು ತಮ್ಮ ಸಾಮಾನಿನ ಪಟ್ಟಿಯನ್ನು ಬೇರೆಯೇ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಇನ್ಶೂರೆನ್ಸ್ ಬಗ್ಗೆಯೂ ಒಂದು ಮಾತು. 2021ರಿಂದ “ಭಾರತ್ ಗೃಹ ರಕ್ಷಾ” ಎಂಬ ಪಾಲಿಸಿ ಉಂಟು. ಬಿರುಗಾಳಿ, ನೆರೆಯ ಹಾನಿಯೂ ಅದರಲ್ಲಿ ಸೇರುತ್ತದೆ. ಬಾಡಿಗೆಯವರು ಮನೆಯೊಳಗಿನ ಸಾಮಾನಿಗೆ ಮಾತ್ರ ಮಾಡಿಸಬಹುದು.

ರಿಪೇರಿಗೆ ಒಂದು ಕ್ರಮ ಉಂಟು. ಮೊದಲು ಟರ್ಪಾಲು ಹೊದೆಸಿ ಸೋರುವುದನ್ನು ನಿಲ್ಲಿಸಬೇಕು. ಮತ್ತೆ ಕಿಟಕಿ ಬಾಗಿಲು ತೆರೆದು ಒಣಗಿಸಬೇಕು. ಒದ್ದೆ ಹಾಸಿಗೆ ಎರಡು ದಿನ ಒಳಗಿದ್ದರೆ ಬೂಷ್ಟು ಬಂತೆಂದೇ ಲೆಕ್ಕ. ವಯರಿಂಗನ್ನು ಲೈಸೆನ್ಸ್ ಇರುವವರು ನೋಡಿದ ಮೇಲೆಯೇ ಸ್ವಿಚ್ಚು ಹಾಕುವುದು. ಗಾರೆ ಆಮೇಲೆ, ಪೇಂಟು ಎಲ್ಲಕ್ಕಿಂತ ಕೊನೆಗೆ. ಹಬ್ಬ ಬಂತೆಂದು ಒದ್ದೆ ಗೋಡೆಗೆ ಬಣ್ಣ ಬಳಿದರೆ ದುಡ್ಡು ಸಿಪ್ಪೆಯಾಗಿ ಉದುರುತ್ತದೆ, ಅಷ್ಟೇ. ಒಡೆದ ಸಿಮೆಂಟ್ ಶೀಟನ್ನು ಒಣಗಿದ್ದಾಗ ಗುಡಿಸಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು; ನೀರು ಚಿಮುಕಿಸಿ ಹೆಕ್ಕಬೇಕು. ಕಾಲಿನಲ್ಲಿ ಗಾಯ ಇದ್ದವರು ಕೊಳೆ ನೀರಿಗೆ ಇಳಿಯಬಾರದು, ಇಲಿಜ್ವರ ಬರುವುದು ಹೀಗೆಯೇ. ಬಾವಿಗೆ ನೆರೆನೀರು ಸೇರಿದ್ದರೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕುವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ನೀರನ್ನು ಕುದಿಸಿಯೇ ಕುಡಿಯಿರಿ.

ಬಾಡಿಗೆಯವರು ಕೈಯಿಂದ ಖರ್ಚು ಮಾಡಿ “ಮತ್ತೆ ಬಾಡಿಗೆಯಲ್ಲಿ ಹಿಡಿಯುವ” ಎಂದು ಬಾಯಿಮಾತಿನಲ್ಲಿ ಒಪ್ಪಿದರೆ ಜಗಳ ಖಂಡಿತ. ಧಣಿಯಿಂದ ಒಂದು ಸಾಲು ಬರೆಸಿ, ವಾಟ್ಸಾಪಿನಲ್ಲಾದರೂ. ಕೆಲಸದವರಿಗೆ ಪೂರ್ತಿ ಹಣ ಮುಂಗಡ ಕೊಡಬೇಡಿ.

ಮುಂದಿನ ಸಭೆಯಲ್ಲಿ ಇದನ್ನು ಓದಿ, ಪ್ರತಿ ಕಟ್ಟಡಕ್ಕೆ ಇಬ್ಬರು ಸದಸ್ಯೆಯರ ಹೆಸರನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ: ಒಬ್ಬರು ತಾರಸಿಗೆ, ಒಬ್ಬರು ಮೇನ್ ಸ್ವಿಚ್ಚಿಗೆ. ತುರ್ತು ಸಾಲ ಎಷ್ಟು ಕೊಡಬಹುದು, ಯಾರ ಸಹಿ ಸಾಕು ಎಂಬುದನ್ನೂ ಅಂದೇ ತೀರ್ಮಾನಿಸಿ, ಗಾಳಿಯ ದಿನ ಸಭೆ ಸೇರಲಿಕ್ಕೆ ಆಗುವುದಿಲ್ಲ. ಸಂಘದ ಪುಸ್ತಕಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಮೇಲಿನ ಮಹಡಿಯವರ ಮನೆಯಲ್ಲಿಡಿ.

ಚರ್ಚೆಗೆ: ನಿಮ್ಮ ಕಟ್ಟಡದ ತಾರಸಿಯ ಬೀಗದ ಕೈ ಈಗ ಯಾರ ಹತ್ತಿರ ಉಂಟು? ಮೇನ್ ಸ್ವಿಚ್ಚು ಯಾವುದೆಂದು ಇಲ್ಲಿ ಕೂತವರಲ್ಲಿ ಎಷ್ಟು ಮಂದಿಗೆ ಗೊತ್ತು?