ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಕಡತ

ಮುಂಬಯಿಯ ಕಾಲೇಜುಗಳಲ್ಲಿ ಕ್ರೀಡಾ ವಿಭಾಗವನ್ನು ಇಂದಿಗೂ ಜಿಮ್‌ಖಾನಾ ಎಂದೇ ಕರೆಯುತ್ತಾರೆ. ಆ ಪುಟ್ಟ ಕೋಣೆಯಲ್ಲಿ ಬದುಕು ಕಟ್ಟಿಕೊಳ್ಳಬೇಕೆಂದಿರುವ ಚೆಂಬೂರಿನ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಈ ಮಾತುಗಳು. ಕೋಚ್ ಆಗುವುದೇ ಬೇರೆ, ಕ್ರೀಡಾ ಆಡಳಿತವೇ ಬೇರೆ ಎಂದು ತಿಳಿದವರು ಬಹಳ. ನನಗಂತೂ ಅವೆರಡೂ ಒಂದೇ ಕೆಲಸ.

1. ಸುತ್ತೋಲೆಯನ್ನು ನೀವೇ ಓದಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್ ಮೊದಲ ಬಾರಿಗೆ ಸೇರಿತು. ಕೋಚ್ ಒ. ಎಂ. ನಂಬಿಯಾರ್ ತಮ್ಮ ಓಟಗಾರ್ತಿ ಪಿ. ಟಿ. ಉಷಾರನ್ನು ಆ ಸ್ಪರ್ಧೆಗೆ ಅಣಿಗೊಳಿಸಿದರು. ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲೊಂದು ಭಾಗದಿಂದ. ಮರುವರ್ಷ ಮೊದಲ ದ್ರೋಣಾಚಾರ್ಯ ಪ್ರಶಸ್ತಿ ಪಡೆದವರಲ್ಲಿ ನಂಬಿಯಾರ್ ಒಬ್ಬರು. ಸುತ್ತೋಲೆ ಓದದೆ, ಯಾವ ಸ್ಪರ್ಧೆ ಹೊಸದು, ಹೆಸರು ನೋಂದಾಯಿಸಲು ಕೊನೆಯ ದಿನ ಯಾವುದು ಎಂದು ತಿಳಿಯದ ಕೋಚ್ ಮಕ್ಕಳ ಒಂದು ವರ್ಷವನ್ನೇ ಕಳೆಯುತ್ತಾನೆ.

2. ಸೋತ ಪಂದ್ಯವನ್ನು ಜೊತೆಗಿಟ್ಟುಕೊಳ್ಳಿ. ಕೊಡಗಿನ ಎಂ. ಪಿ. ಗಣೇಶ್ ಅವರನ್ನು ನೋಡಿ. ಸರ್ವಿಸಸ್ ಪರ ಆಡಿದವರು, ಮುಂದೆ ನಮ್ಮ ಬಾಂಬೆ ತಂಡಕ್ಕೂ ಆಡಿದರು. 1973ರ ಹಾಕಿ ವಿಶ್ವಕಪ್ ಫೈನಲ್‌ನಲ್ಲಿ ಅವರು ನಾಯಕ. ಆಮ್‌ಸ್ಟೆಲ್‌ವೀನ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಭಾರತ 2-0 ಮುಂದಿತ್ತು. ಎದುರಾಳಿ ಸಮ ಮಾಡಿಕೊಂಡಿತು. ಹೆಚ್ಚುವರಿ ಅವಧಿಯಲ್ಲಿ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು, ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳಲ್ಲೇ ಕಪ್ ಕೈಬಿಟ್ಟುಹೋಯಿತು. ಅಷ್ಟು ಹತ್ತಿರ ಹೋಗಿ ಕಪ್ ಇಲ್ಲದೆ ಬಂದವರು ಆಟಕ್ಕೆ ಬೆನ್ನು ತಿರುಗಿಸಬಹುದಿತ್ತು. ಗಣೇಶ್ 1988ರ ಸೋಲ್ ಒಲಿಂಪಿಕ್ಸ್ ತಂಡಕ್ಕೆ ಕೋಚ್ ಆದರು, ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಆಡಳಿತದ ಹೊಣೆ ಹೊತ್ತರು. 2020ರಲ್ಲಿ ಪದ್ಮಶ್ರೀ ಬಂತು. ಆಟಗಾರ, ಕೋಚ್, ಅಧಿಕಾರಿ ಎಂಬ ಮೂರೂ ಮೆಟ್ಟಿಲು ಹತ್ತಿದ ಇಂಥವರ ಬಗ್ಗೆ ನಮ್ಮ ಮಕ್ಕಳಿಗೆ ಹೇಳದೆ ಬಿಟ್ಟಿದ್ದೇವೆ ಎಂಬ ಬೇಸರ ನನಗಿದೆ.

3. ಓದಿಕೊಳ್ಳಿ. ಬಿ.ಪಿ.ಎಡ್., ಎಂ.ಪಿ.ಎಡ್., ನೆಟ್ ಪರೀಕ್ಷೆ. ಸಾಧ್ಯವಾದರೆ 1961ರಿಂದ ಕೋಚ್‌ಗಳನ್ನು ತಯಾರಿಸುತ್ತಿರುವ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್.ಐ.ಎಸ್.) ಡಿಪ್ಲೊಮಾ. ಆಟ ಚೆನ್ನಾಗಿ ಬಂದರೆ ಸಾಲದು.

4. ಲೆಕ್ಕವನ್ನು ವರ್ಷಗಳಲ್ಲಿ ಹಾಕಿ. ನಮ್ಮ ಪಕ್ಕದ ಅಣುಶಕ್ತಿ ನಗರದಲ್ಲಿ ಬೆಳೆದ ಸೂರ್ಯಕುಮಾರ್ ಯಾದವ್‌ಗೆ ಅಲ್ಲಿ ಕ್ರಿಕೆಟ್ ಕಲಿಸಿದವರು ಅಶೋಕ್ ಅಸ್ವಲ್ಕರ್. ಆ ಹುಡುಗ ಭಾರತದ ಅಂಗಿ ತೊಟ್ಟದ್ದು 2021ರಲ್ಲಿ, ಮೂವತ್ತು ತುಂಬಿದ ಮೇಲೆ. ಈ ವರ್ಷ ಬಿತ್ತಿ ಈ ವರ್ಷವೇ ಕುಯ್ಯುತ್ತೇನೆ ಎನ್ನುವವರಿಗೆ ಈ ಕೆಲಸವಲ್ಲ.

5. ಜಾಗಕ್ಕಾಗಿ ಜಗಳವಾಡಬೇಡಿ, ಅರ್ಜಿ ಬರೆಯಿರಿ. ಮುಂಬಯಿಯಲ್ಲಿ ಮೈದಾನ ಬಂಗಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಅದನ್ನೂ ಕಸಿಯುತ್ತದೆ. ಆಗ ಕಾಲೇಜಿನ ಮೆಟ್ಟಿಲು, ಪಡಸಾಲೆ, ಖಾಲಿ ತರಗತಿಗಳೇ ಮೈದಾನ. ಕಾಲಿನ ಬಲ ಬೆಳೆಸಲು ನಾಲ್ಕು ಮಹಡಿಯ ಮೆಟ್ಟಿಲಿಗಿಂತ ಒಳ್ಳೆಯ ಉಪಕರಣ ನಾನು ಕಾಣೆ. ಮಳೆ ನಿಂತ ಮೇಲಿನ ಜಾಗಕ್ಕೆ ಜೂನ್‌ನಲ್ಲೇ ಪತ್ರ ಹೋಗಿರಲಿ, ಅದರ ಪ್ರತಿ ಕಡತದಲ್ಲಿರಲಿ.

6. ಹುಡುಗಿಯರ ತಂಡ ಕಟ್ಟುವಾಗ ಮೊದಲು ಅವರ ತಾಯಂದಿರೊಡನೆ ಮಾತಾಡಿ. ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕವಿದೆಯೇ, ಶೌಚಾಲಯದಲ್ಲಿ ನೀರಿದೆಯೇ ಎಂದು ನೋಡಿ. ಇದನ್ನು ನೋಡಿಕೊಳ್ಳದೆ ತಂಡ ಕರಗಿತು ಎಂದು ಹುಡುಗಿಯರನ್ನು ದೂರುವುದು ಅನ್ಯಾಯ. ಮರೀನ್ ಲೈನ್ಸ್‌ನ ವಿಶ್ವವಿದ್ಯಾಲಯ ಮೈದಾನದಲ್ಲಿ ಪಂದ್ಯ ತಡವಾದರೆ ಗಾಡಿ ಬದಲಿಸಿ ಚೆಂಬೂರು ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಕೊನೆಯ ಹುಡುಗಿಯ ಮನೆಯಿಂದ ಫೋನ್ ಬಂದ ಮೇಲೆಯೇ ಆ ದಿನದ ಹಾಜರಿ ಪುಸ್ತಕ ಮುಚ್ಚಿ.